ಸಮುದ್ರದಂಡೆಯ ಗೋಮಾಳ

ನಾವು ಕೋಲಾರ ಜಿಲ್ಲೆಯವರು ನೀರಿನ ವಿಷಯದಲ್ಲಿ ಸ್ವಲ್ಪ ಭಾವುಕರು. ಬೋರ್‌ವೆಲ್ ಸಾವಿರದಿನ್ನೂರು ಅಡಿ ಇಳಿದು ಬರೀ ದೂಳು ಕಾರುತ್ತಿದ್ದರೂ ‘ಇನ್ನೊಂದು ಇನ್ನೂರಡಿ ನೋಡೇಬಿಡೋಣ’ ಅನ್ನುವ ಪೈಕಿ. 2021ರ ನವೆಂಬರಿನಲ್ಲಿ ಕೆರೆಗಳು ಕೋಡಿ ಹರಿದಾಗ ನಮ್ಮ ಕಡೆಯ ಜನ ಸಂಸಾರ ಸಮೇತ ಹೋಗಿ ಕೋಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದರು. ಇಂಥ ಸೀಮೆಯವನನ್ನು ಮಗಳು, ಅಳಿಯ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಕರೆದುಕೊಂಡು ಹೋಗಿ, ಕಣ್ಣೆದುರಿಗೆ ಇಡೀ ಉತ್ತರ ಸಮುದ್ರ ಬಿದ್ದಿರುವಾಗ, “ಅಪ್ಪಾ, ಅದನ್ನ ಆಮೇಲೆ ನೋಡಿ, ಈ ಕಡೆ ತಿರುಗಿ. ಇದು ಗಾಲ್ಫಿನ ತವರುಮನೆ” ಅಂದರೆ ಏನು ಮಾಡುವುದು?

ತಿರುಗಿದೆ. ಒಂದು ಮರ ಇಲ್ಲ, ನೆರಳಿಲ್ಲ. ಉಬ್ಬುತಗ್ಗಿನ ಮರಳುನೆಲ, ಮೇಲೆ ಮೋಟು ಹುಲ್ಲು, ಅಂಚಿನಲ್ಲಿ ಗಾರ್ಸ್ ಎಂಬ ಮುಳ್ಳುಪೊದೆ. ಇದರ ಮೇಲೆ, ಆಷಾಢವನ್ನೇ ಹನ್ನೆರಡು ತಿಂಗಳಿಗೆ ಗುತ್ತಿಗೆ ಕೊಟ್ಟಂತೆ ಗಾಳಿ. “ಇದು ಗೋಮಾಳ ಅಲ್ಲವೇನಮ್ಮಾ?” ಅಂದೆ. ಅಳಿಯನ ಮುಖ ಸಣ್ಣದಾಯಿತು. ತಿರುಪತಿಗೆ ಬಂದು ‘ಇದು ಬರೀ ಬೆಟ್ಟ ಅಲ್ಲವಾ?’ ಎಂದವರನ್ನು ನಾವು ನೋಡುತ್ತೇವಲ್ಲ, ಆ ನೋಟ.

ಗಾಲ್ಫು ನನಗೆ ಹೊಸದೇನಲ್ಲ. ನಮ್ಮ ಕೆಜಿಎಫ್‌ನಲ್ಲಿ 1880ರಲ್ಲಿ ಕಾಲಿಟ್ಟ ಜಾನ್ ಟೇಲರ್ ಕಂಪನಿಯ ದೊರೆಗಳು ಬಂಗಾರ ಅಗೆಸುತ್ತ ಕ್ಲಬ್ಬು ಕಟ್ಟಿಕೊಂಡರು, ಗಾಲ್ಫ್ ಮೈದಾನ ಮಾಡಿಕೊಂಡರು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡರು. 2001ರಲ್ಲಿ ಗಣಿ ಮುಚ್ಚಿತು. ಅದಿರು ಅರೆದು ಬಂಗಾರ ತೆಗೆದುಕೊಂಡ ಮೇಲೆ ಉಳಿದ ಬೂದುಪುಡಿಯ ಸಯನೈಡ್ ದಿಬ್ಬಗಳು ಮಾತ್ರ ಇವತ್ತಿಗೂ ಗಾಳಿ ಬಂದರೆ ಊರಿನ ಕಣ್ಣಿಗೆಲ್ಲ ಬೀಳುತ್ತವೆ. ಮರಳುದಿಬ್ಬ ಉಂಟು, ಗಾಳಿ ಉಂಟು, ಗಾಲ್ಫು ಉಂಟು. ಸಮುದ್ರ ಒಂದು ಒದಗಿಸಿಕೊಟ್ಟಿದ್ದರೆ ಸ್ಕಾಟ್‌ಲೆಂಡಿನವರೇ ನಮ್ಮಲ್ಲಿಗೆ ಬರುತ್ತಿದ್ದರು.

ಅವತ್ತು ಭಾನುವಾರ. ಇಲ್ಲಿನ ಓಲ್ಡ್ ಕೋರ್ಸ್ ಅನ್ನುವ ಮೈದಾನಕ್ಕೆ ಭಾನುವಾರ ರಜಾ. ಬೇರೆ ದಿನ ಅಲ್ಲಿ ಆಡಲು ಪ್ರಪಂಚದ ಶ್ರೀಮಂತರು ಲಾಟರಿಗೆ ಹೆಸರು ಕೊಟ್ಟು ಕಾಯುತ್ತಾರೆ. ಭಾನುವಾರ ಊರಿನ ಜನ ನಾಯಿ ಹಿಡಿದುಕೊಂಡು, ಮಗುವಿನ ಗಾಡಿ ತಳ್ಳಿಕೊಂಡು ಅದೇ ಹುಲ್ಲಿನ ಮೇಲೆ ಓಡಾಡುತ್ತಾರೆ. ಯಾರೂ ‘ಏಯ್’ ಅನ್ನಲಿಲ್ಲ. ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ, ವಾಚ್‌ಮನ್ ಸೀಟಿ ಊದುತ್ತಾನೇನೋ ಅಂತ. ಮೊದಲನೆಯ ಮತ್ತು ಹದಿನೆಂಟನೆಯ ಕುಳಿಯ ದಾರಿಗೆ ಅಡ್ಡಲಾಗಿ ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ಸಾರ್ವಜನಿಕ ರಸ್ತೆಯೇ ಹಾದುಹೋಗಿದೆ. ಆಟ ನಡೆಯುತ್ತಿದ್ದರೂ ಕಾರು, ಜನ ದಾಟುತ್ತಾರೆ. ಕೋಟಿ ಸಂಪಾದಿಸುವ ಆಟಗಾರನೂ ಯಾವುದೋ ಅಜ್ಜಿಯ ಕೈಚೀಲ ದಾಟುವ ತನಕ ಕೋಲು ಹಿಡಿದು ನಿಂತಿರಬೇಕು.

ಗೋಮಾಳ ಅಂದಿದ್ದು ತಪ್ಪಲ್ಲ ಎಂದು ಅಳಿಯನ ಬಾಯಿಂದಲೇ ಹೊರಬಿತ್ತು. ಉಳುವುದಕ್ಕೂ ಬಾರದ, ಮನೆ ಕಟ್ಟುವುದಕ್ಕೂ ಬಾರದ ಮರಳುನೆಲದಲ್ಲಿ ಕುರಿ ಮೇಯುತ್ತಿದ್ದವು. ಗಾಳಿಗೆ ಹೆದರಿ ದಿಬ್ಬದ ಮರೆಯಲ್ಲಿ ಕುರಿಗಳು ಒತ್ತಿ ಒತ್ತಿ ಮಲಗಿ ಆದ ಗುಂಡಿಗಳೇ ಚೆಂಡು ಸಿಕ್ಕಿಕೊಳ್ಳುವ ಇವತ್ತಿನ ಬಂಕರುಗಳು ಎನ್ನುತ್ತಾರೆ. ಓಲ್ಡ್ ಕೋರ್ಸಿನಲ್ಲಿ ಅಂಥವು 112 ಇವೆ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಸ್ವಿಲ್ಕನ್ ಸೇತುವೆ ಕೂಡ ಹಿಂದೆ ಕುರುಬರು ದನಕುರಿ ದಾಟಿಸಲು ಕಟ್ಟಿದ್ದು. ನಾಲ್ಕು ಹೆಜ್ಜೆಯ ಕಲ್ಲುಕಟ್ಟು. ಅದರ ಮೇಲೆ ನಿಂತು ಟೋಪಿ ಎತ್ತುವುದಕ್ಕೆ ಕ್ಯೂ! ನಮ್ಮ ಕಡೆಯ ಆವಣಿಯ ಬೆಟ್ಟ ಹತ್ತುವ ದಾರಿಯಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಗಟ್ಟಿ ಕಲ್ಲುಗಳ ಮೇಲೆ ನಾವು ಕಡಲೆಕಾಯಿ ಸಿಪ್ಪೆ ಸುರಿದು ಬಂದಿದ್ದೇವೆ.

ನನಗೆ ಬಹಳ ರುಚಿಸಿದ್ದು ಈ ಜಾಗದ ವ್ಯಾಜ್ಯದ ಕಥೆ. 1797ರಲ್ಲಿ ಸಾಲದಲ್ಲಿ ಮುಳುಗಿದ ಪುರಸಭೆ ಈ ನೆಲವನ್ನು ಮಾರಿಬಿಟ್ಟಿತು. ಅದು ಮೊಲ ಸಾಕುವ ವ್ಯಾಪಾರಿಗಳ ಕೈ ಸೇರಿತು. ಮೊಲಗಳು ಸಿಕ್ಕಸಿಕ್ಕಲ್ಲಿ ಬಿಲ ತೋಡಿದವು. ಯಾವುದು ಆಟದ ಕುಳಿ, ಯಾವುದು ಮೊಲದ ಕುಳಿ ಎಂದು ಗೊತ್ತಾಗದೆ ಗಾಲ್ಫಿನವರು ರೊಚ್ಚಿಗೆದ್ದರು. ಕೋರ್ಟು, ಕಚೇರಿ, ಕೈಕೈ ಮಿಲಾಯಿಸುವುದು ಎಲ್ಲ ಆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಗಾಲ್ಫ್ ಹುಚ್ಚಿನ ಜಮೀನುದಾರ ಕೊಂಡುಕೊಂಡು ಆಟಕ್ಕೆ ಬಿಟ್ಟ. 1894ರಲ್ಲಿ ಊರು ಅದನ್ನು ಮತ್ತೆ ಕೊಂಡಿತು. ಮಾರಿದ ಗೋಮಾಳವನ್ನು ಪುರಸಭೆಯೇ ದುಡ್ಡು ಕೊಟ್ಟು ವಾಪಸು ಪಡೆದ ಕಥೆಯನ್ನು ನಮ್ಮ ಕಡೆ ಹೇಳಿದರೆ ಪುರಾಣ ಎಂದುಕೊಂಡು ಕೊನೆಗೆ ಮಂಗಳಾರತಿ ಕೇಳುತ್ತಾರೆ. ನಮ್ಮ ಬಾಲ್ಯದ ಗೋಮಾಳ ಮೊದಲು ನೀಲಗಿರಿ ತೋಪಾಯಿತು, ಆಮೇಲೆ ಲೇಔಟಾಯಿತು. ಈಗ ಹಸು ಮೇಯಬೇಕಾದರೆ ‘ಪೂರ್ವಕ್ಕೆ ಬಾಗಿಲು, ಬ್ಯಾಂಕ್ ಸಾಲ ಲಭ್ಯ’ ಎಂಬ ಬೋರ್ಡನ್ನೇ ಮೇಯಬೇಕು.

ಓಲ್ಡ್ ಕೋರ್ಸಿನಲ್ಲಿ ಆಡಲು ನನ್ನಂಥವನಿಗೆ ಯೋಗ್ಯತಾಪತ್ರ ಇಲ್ಲ. ಪಕ್ಕದಲ್ಲೇ ಹಿಮಾಲಯಾಸ್ ಎಂಬ ಹೆಸರಿನ ಪಟ್ಟಿಂಗ್ ಬಯಲಿದೆ. 1867ರಲ್ಲಿ ಹೆಂಗಸರು ಕಟ್ಟಿಕೊಂಡ ಕ್ಲಬ್ಬಿನದು. ಕೆಲವು ಪೌಂಡು ಕೊಟ್ಟರೆ ಒಂದು ಕೋಲು, ಒಂದು ಚೆಂಡು ಕೈಗಿಡುತ್ತಾರೆ. ಕೋಲಾರದ ಅಂತರಗಂಗೆಯ ಮೆಟ್ಟಿಲು ಹತ್ತಿದವನಿಗೆ ಈ ಹಿಮಾಲಯ ಮೊಣಕಾಲೆತ್ತರ ಅನ್ನಿಸಿತು. ಆದರೆ ಚೆಂಡನ್ನು ತಳ್ಳಿದರೆ ಅದು ದಿಬ್ಬ ಹತ್ತುತ್ತದೆ, ನೆತ್ತಿಯಲ್ಲಿ ಒಂದು ಗಳಿಗೆ ನಿಂತು ಯೋಚಿಸುತ್ತದೆ, ಆಮೇಲೆ ನಿಧಾನವಾಗಿ ಹಿಂದಿರುಗಿ ನನ್ನ ಬೂಟಿನ ಹತ್ತಿರವೇ ಬಂದು ಕೂರುತ್ತದೆ. ಇನ್ನೂ ಜೋರಾಗಿ ತಳ್ಳಿದರೆ ದಿಬ್ಬ ದಾಟಿ ಬೇರೆಯವರ ಕುಳಿಗೆ ಅತಿಥಿಯಾಗಿ ಹೋಗುತ್ತದೆ.

ಮಾರನೆಯ ದಿನ ಬಾಲ್ಗೋವ್ ಎಂಬ ಒಂಬತ್ತು ಕುಳಿಯ ಮೈದಾನ. ಮಕ್ಕಳು, ಕಲಿಯುವವರು ಆಡುವಂಥದ್ದು. ಬಾಡಿಗೆಯ ಕೋಲು ಹಿಡಿದು ಗಾಳಿಗೆ ಎದುರಾಗಿ ನಿಂತೆ. ಚಿನ್ನಿದಾಂಡಿನಲ್ಲಿ ಪಳಗಿದ ಕೈ, ಬೀಸಿತು. ಚೆಂಡು ಒಂದಡಿಯೂ ಮೇಲೇಳದೆ ಗಟ್ಟಿ ಮರಳುನೆಲದ ಮೇಲೆ ಮೊಲದಂತೆ ಓಡಿತು. ಓಡುತ್ತಲೇ ಇತ್ತು. ಅಳಿಯನದು ಆಕಾಶಕ್ಕೆ ಚಿಮ್ಮಿ ನೋಡಲು ಲಕ್ಷಣವಾಗಿತ್ತು. ಗಾಳಿ ಅದನ್ನು ಹಿಡಿದು ಮುಳ್ಳುಪೊದೆಗೆ ಒಪ್ಪಿಸಿತು. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನತ್ತ ಬೆರಳು ತೋರಿಸಿ ಅಳಿಯನಿಗೆ, ಸಮುದ್ರದಂಡೆಯಲ್ಲಿ ಆಡಬೇಕಾದ ರೀತಿಯೇ ಅದು, ಚೆಂಡನ್ನು ಗಾಳಿಯ ಕೈಗೆ ಕೊಡಬಾರದು, ನೆಲದ ಮೇಲೇ ಓಡಿಸಬೇಕು ಎಂದರು. ನನಗೆ ಬೇರೆ ರೀತಿ ಬರುವುದಿಲ್ಲ ಎಂಬುದನ್ನು ಅವರಿಗೆ ತಿಳಿಸುವ ತುರ್ತೇನೂ ನನಗೆ ಕಾಣಲಿಲ್ಲ. ಅಳಿಯ ಪೊದೆಯಲ್ಲಿ ಚೆಂಡು ಹುಡುಕುತ್ತಿದ್ದ.

ರಾತ್ರಿ ಹತ್ತಾದರೂ ಬೆಳಕಿತ್ತು. ಮುಳಬಾಗಿಲಿನ ಚಿಕ್ಕಪ್ಪನ ಮಗನಿಗೆ ಫೋಟೊ ಕಳಿಸಿದ್ದೆ. ಅವನು ಅರ್ಧ ಆಯುಸ್ಸನ್ನು ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಳೆದ ಮನುಷ್ಯ. ಅಲ್ಲಿ ಬೆಳಗಿನ ಜಾವ ಆಗಿರಬೇಕು, ಎದ್ದವನೇ ಫೋನು ಮಾಡಿದ.

“ಏನಣ್ಣಾ, ಅಷ್ಟು ಜಾಗ ಊರ ಪಕ್ಕದಾಗೆ ಹಂಗೇ ಬಿಟ್ಟವ್ರಾ? ಎಷ್ಟು ಎಕರೆ ಐತೆ?”

“ನೂರಾರು ಎಕರೆ.”

“ಬೇಲಿ?”

“ಇಲ್ಲ. ಮಧ್ಯದಲ್ಲಿ ರಸ್ತೆ ಹೋಗುತ್ತೆ.”

“ಪಹಣಿ ಯಾರ ಹೆಸರಲ್ಲೈತೆ?”

“ಇಲ್ಲಿನ ಕೌನ್ಸಿಲ್ ಹೆಸರಲ್ಲೇ. ಒಂದು ಟ್ರಸ್ಟು ನೋಡಿಕೊಳ್ಳುತ್ತೆ. 1974ರಲ್ಲಿ ಅದಕ್ಕೇ ಅಂತ ಪಾರ್ಲಿಮೆಂಟಿನಲ್ಲಿ ಕಾಯ್ದೆ ಆಯಿತು.”

ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದ.

“ಈ ಆಡೋರು ಎಷ್ಟು ವರ್ಷದಿಂದ ಅನುಭವದಲ್ಲವ್ರೆ?”

“1457ರಲ್ಲೇ ಇಲ್ಲಿನ ರಾಜ, ಜನ ಬಿಲ್ಲುಬಾಣದ ಅಭ್ಯಾಸ ಬಿಟ್ಟು ಗಾಲ್ಫ್ ಆಡ್ತಾರೆ ಅಂತ ಇದನ್ನ ನಿಷೇಧ ಮಾಡಿದ್ದನಂತೆ. ಅಂದರೆ ಆಟ ಐನೂರೈವತ್ತು ವರ್ಷದ ಮೇಲಿನದು.”

“ಐನೂರೈವತ್ತು ವರ್ಷ!” ಅವನ ದನಿಯಲ್ಲಿ ಗೌರವ ಇತ್ತು. “ಅಲ್ಲಣ್ಣಾ, ಸಕ್ರಮ ಮಾಡ್ಕೊಡಿ ಅಂತ ಒಬ್ಬನಾದ್ರೂ ಫಾರಂ 57 ಹಾಕಿಲ್ವಾ?”