ಕೊಳವೆ ತುಂಬಿದ್ದರೆ ಮಾತ್ರ

ಪೈಪಿನೊಳಗೆ ನಡುವೆ ತೂತಿರುವ ತಟ್ಟೆ ಕೂರಿಸಿ, ಅದರ ಹಿಂದೆ ಮುಂದೆ ಒತ್ತಡ ಎಷ್ಟು ಇಳಿಯಿತೆಂದು ನೋಡಿದರೆ ನೀರಿನ ಲೆಕ್ಕ ಸಿಗುತ್ತದೆ. ಆರಿಫಿಸ್ ಪ್ಲೇಟ್ ಅಂತಾರೆ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿಗೆ ಇದನ್ನು ಹಾಕಬೇಕಾದರೆ ಯಾವ ಪುಸ್ತಕ ನಂಬಬೇಕು, ಕೇಳಿ ನೋಡಿ. ಗುತ್ತಿಗೆದಾರ ಎಂಜಿನಿಯರ್ ಕಡೆ ಬೆರಳು ತೋರಿಸುತ್ತಾನೆ, ಎಂಜಿನಿಯರ್ ತನ್ನ ಕಾಲೇಜಿನ ಲ್ಯಾಬ್ ಮ್ಯಾನ್ಯುಯಲ್ ಕಡೆ. ಅದೋ ಹಿಂದಿನ ಬ್ಯಾಚಿನ ಜೆರಾಕ್ಸು. ಎಲ್ಲ ಜೆರಾಕ್ಸಿನಲ್ಲೂ ಒತ್ತಡದಿಂದ ಹರಿವು ಲೆಕ್ಕ ಹಾಕುವ ಗುಣಾಂಕ 0.6. ಪೂರ್ತಿ ಸುಳ್ಳಲ್ಲ, ಹಾಗಾಗಿಯೇ ಯಾರೂ ಮೂಲ ಹುಡುಕುವುದಿಲ್ಲ.

ಮೂಲ ಇದೆ. ಐಎಸ್‌ಒ 5167 ಎಂಬ ಅಂತರರಾಷ್ಟ್ರೀಯ ಮಾನದಂಡದ ಎರಡನೇ ಭಾಗ. 2003ರಲ್ಲಿ ಬಂದದ್ದು 2022ರಲ್ಲಿ ಪರಿಷ್ಕಾರವಾಗಿದೆ. ಬೆಲೆ ಸ್ವಿಸ್ ಫ್ರಾಂಕಿನಲ್ಲಿ. ಪಂಚಾಯ್ತಿಯ ಕ್ರಿಯಾಯೋಜನೆಯಲ್ಲಿ ಅದಕ್ಕೆ ಕಾಲಂ ಇಲ್ಲ, ಇರಲಿ. ಕೊಂಡರೂ ಒಳಗಿನ ಪುಟ ತಿರುವಬೇಕಾಗಿಲ್ಲ, ಷರತ್ತು ಶೀರ್ಷಿಕೆಯಲ್ಲೇ ಇದೆ: ಕೊಳವೆ ತುಂಬಿ ಹರಿಯುತ್ತಿರಬೇಕು. ನಮ್ಮ ನಳಕ್ಕೆ ಮೊದಲು ಗಾಳಿ, ಆಮೇಲೆ ಕೆಮ್ಮು, ಕೊನೆಗೆ ಕೆಂಪು ನೀರು. ಕಟ್ಟೆಯ ಮೇಲೆ ಕೂತವರಿಗೆ ಈ ಷರತ್ತು ಹೇಳಿದರೆ ಉತ್ತರ ಸಿದ್ಧ: “ಸಾಹೇಬ್ರ, ಪೈಪ್ ತುಂಬಿ ಹರದ್ರ ಅಳಿಯೂದರ ಯಾಕ್ರಿ?”

ಇನ್ನೊಂದು ಷರತ್ತು, ತಟ್ಟೆಯ ಮುಂಚೆ ಪೈಪು ನೆಟ್ಟಗಿರಬೇಕು. ತೂತು ದೊಡ್ಡದಿದ್ದರೆ, ಒಂದು ತಿರುವಿನ ನಂತರ ವ್ಯಾಸದ ನಲವತ್ತು ಪಟ್ಟಿಗೂ ಹೆಚ್ಚು. ಅಂದರೆ ಆರಿಂಚಿನ ಪೈಪಿಗೆ ಇಪ್ಪತ್ತಡಿ. ಗುಡಿ ಬಳಸಿ, ಮೆಂಬರರ ಹಿತ್ತಲಿಗೆ ಮುಲಾಜು ತೋರಿಸಿ, ಗಟಾರಿನಲ್ಲಿ ಮುಳುಗಿ ಏಳುವ ಪೈಪಿನಲ್ಲಿ ಇಪ್ಪತ್ತಡಿ ನೇರ ನಡತೆ ಎಲ್ಲಿಂದ ತರೋಣ?

ಹರಿವು ಅರ್ಧಕ್ಕಿಳಿದರೆ ಒತ್ತಡದ ವ್ಯತ್ಯಾಸ ಕಾಲು ಭಾಗ. ಹತ್ತನೇ ಒಂದಕ್ಕಿಳಿದರೆ ನೂರರಲ್ಲಿ ಒಂದು. ಬೇಸಿಗೆಯಲ್ಲಿ, ಲೆಕ್ಕ ನಿಜಕ್ಕೂ ಬೇಕಾದಾಗ, ಮೀಟರಿಗೆ ಏನೂ ಕಾಣುವುದಿಲ್ಲ. ಸರ್ಕಾರಿ ಸೇವೆಗೆ ಇಷ್ಟು ಅರ್ಹ ಉಪಕರಣ ಮತ್ತೊಂದಿಲ್ಲ.

ತೂತಿನ ಚೂಪಾದ ಅಂಚು ನೀರು ಬರುವ ಕಡೆಗೇ ಇರಬೇಕು. ಓರೆ ಅಂಚನ್ನು ಅತ್ತ ತಿರುಗಿಸಿ ಕೂರಿಸಿದರೆ, ಇಲ್ಲವೇ ಮರಳು ತಿಕ್ಕಿ ಅಂಚು ಸವೆದರೆ, ಹರಿದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಸರಿ ಮಾಡಲು ವಾಲ್ವ್ ಬಂದ್ ಮಾಡಿ, ತುಕ್ಕು ಹಿಡಿದ ಬೋಲ್ಟ್ ಬಿಚ್ಚಬೇಕು. 2019ರ ಆಗಸ್ಟ್ 15ರಂದು ಘೋಷಿಸಿದ ಜಲಜೀವನ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಕೇಳುತ್ತದೆ. ವರದಿಯಲ್ಲಿ 55 ಎಂದು ಬರೆಯಲು ಸ್ಪ್ಯಾನರ್ ಬೇಕಾಗಿಲ್ಲ.