ಅಟ್ಟದ ಮೇಲೆ ಅಣ್ಣಾವ್ರು

ಮಹಾರಾಷ್ಟ್ರದ ಗಡಿಯಂಚಿನ ಜತ್ತ ತಾಲೂಕನ್ನು ತಮ್ಮದೆನ್ನಲು ಎರಡು ರಾಜ್ಯಗಳು ತುದಿಗಾಲಲ್ಲಿ ನಿಂತಿವೆ. ಜತ್ತದ ಅಟ್ಟಗಳ ಮೇಲೆ ಇರುವುದನ್ನು ತಮ್ಮದೆನ್ನಲು ಒಬ್ಬರೂ ಇಲ್ಲ. 1967ರಲ್ಲಿ ಮಹಾಜನ ಆಯೋಗ ಗಡಿಯ ಹಳ್ಳಿಗಳನ್ನು ಎಣಿಸಿ ಮಹಾರಾಷ್ಟ್ರಕ್ಕೆ 264, ಕರ್ನಾಟಕಕ್ಕೆ 247 ಎಂದು ಪಾಲು ಹಾಕಿತು. ಕರ್ನಾಟಕದ ಪಾಲಿನಲ್ಲಿ ಜತ್ತದ ಕನ್ನಡ ಹಳ್ಳಿಗಳೂ ಇದ್ದವು. ಯಾರ ಮನೆಯಲ್ಲಿ ಯಾವ ಮಾತು ಎಂಬುದರ ಲೆಕ್ಕವೆಲ್ಲ ಆಯಿತು. ಯಾರ ಮನೆಯಲ್ಲಿ ಎಷ್ಟು ಸಿನಿಮಾ ರೀಲು ಎಂದು ಮಾತ್ರ ಯಾರೂ ಕೇಳಲಿಲ್ಲ. ಕಾಕಾ ಆಗಿನ್ನೂ ಶುರು ಮಾಡಿರಲಿಲ್ಲ ಬಿಡಿ.

ಕಾಕಾ ಅಂದರೆ ಒಬ್ಬ ಮನುಷ್ಯನೆಂದು ತಿಳಿಯಬೇಡಿ, ಅದೊಂದು ಪಂಗಡ. ಗಡಿಯ ಎರಡೂ ಬದಿಗೆ ಸಿಗುತ್ತಾರೆ. ಟೂರಿಂಗ್ ಟಾಕೀಜಿನಲ್ಲಿ ಆಪರೇಟರ್ ಆಗಿದ್ದವರು, ಟಿಕೀಟು ಹರಿದವರು, ತಂಬಿನ ಗೂಟ ಬಡಿದವರು, ಕೊನೆಗೆ ತಂಬಿನ ಹರಕಿನಲ್ಲಿ ಕಣ್ಣಿಟ್ಟು ಪುಕ್ಕಟೆ ನೋಡಿದವರು. ಇವರೆಲ್ಲರ ಮನೆಯಲ್ಲೂ ದುಂಡನೆಯ ತಗಡಿನ ಡಬ್ಬಿಗಳಿರುತ್ತವೆ, ವರ್ಷಕ್ಕಿಷ್ಟು ಹೆಚ್ಚುತ್ತಿರುತ್ತವೆ. ನಾನು ಹೇಳುತ್ತಿರುವ ಕಾಕಾನ ಊರ ಹೆಸರು ಬೇಡ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಎರಡೂ ಕಡೆಯ ಸಂಘಟನೆಯವರು ಬಂದು ಅವನ ಮನೆಯ ಮುಂದಿನ ಬೋರ್ಡಿಗೆ ಮಸಿ ಬಳಿಯುತ್ತಾರೆ. ಒಳಗೆ ಬಂದು ಡಬ್ಬಿ ಎತ್ತಲು ಕೈಜೋಡಿಸಿರಿ ಅಂದರೆ ಇಬ್ಬರಿಗೂ ಸೊಂಟ ನೋವು.

ಎತ್ತುವುದು ಸುಲಭದ ಮಾತೂ ಅಲ್ಲ. ಎರಡೂವರೆ ತಾಸಿನ ಸಿನಿಮಾ ಅಂದರೆ ನಿಮಿಷಕ್ಕೆ 90 ಅಡಿಯ ಲೆಕ್ಕದಲ್ಲಿ 13,500 ಅಡಿ ಫಿಲ್ಮು, ನಾಲ್ಕು ಕಿಲೋಮೀಟರಿಗಿಂತ ಉದ್ದ. ಇಂಥ ಹತ್ತು ಸಿನಿಮಾ ಬಿಚ್ಚಿ ಹಾಸಿದರೆ ಜತ್ತ ತಾಲೂಕಿನ ಉಮದಿಯಿಂದ ಗಡಿ ದಾಟಿ ಕರ್ನಾಟಕ ಮುಟ್ಟಿ, ಚಹಾ ಕುಡಿದು, ತಿರುಗಿ ಬರಬಹುದು. ಒಂದು ಸಿನಿಮಾದ ತೂಕ ಡಬ್ಬಿ ಬಿಟ್ಟು ಮೂವತ್ತು ಕೆಜಿಗೆ ಮೇಲೆ. ಕಾಕಾನದು ಮಣ್ಣಿನ ಮಾಳಿಗೆ ಮನೆ. ಅದರ ಜಂತಿಯನ್ನು ಅವನ ಅಜ್ಜ ಜೋಳದ ಚೀಲದ ಅಂದಾಜಿನಲ್ಲಿ ಇಡಿಸಿದ್ದ. ಮೊಮ್ಮಗ ಮುಂದೆ ಕನ್ನಡದ ಡಾ. ರಾಜಕುಮಾರರನ್ನೂ ಮರಾಠಿಯ ದಾದಾ ಕೋಂಡಕೆಯವರನ್ನೂ ಒಟ್ಟಿಗೇ ಅಟ್ಟಕ್ಕೆ ಏರಿಸುತ್ತಾನೆಂದು ಪಾಪ ಆ ಅಜ್ಜನಿಗೆ ಏನು ಗೊತ್ತು.

ಈ ಇಬ್ಬರು ಒಂದೇ ಅಟ್ಟದಲ್ಲಿ ಹೇಗೆ ಅಂತ ಬೆಂಗಳೂರಿನವರು ಕೇಳಬಹುದು. ಗಡಿಯ ಜಾತ್ರೆ ನೋಡಿದವರು ಕೇಳುವುದಿಲ್ಲ. ಜತ್ತದ ಯಲ್ಲಮ್ಮನ ಜಾತ್ರೆಗೂ ಗುಡ್ಡಾಪುರದ ದಾನಮ್ಮನ ಜಾತ್ರೆಗೂ ಬರುವ ಭಕ್ತರು ತಾಯಿಯ ಮುಂದೆ ಎರಡು ಭಾಷೆಯಲ್ಲಿ ಬೇಡಿಕೊಳ್ಳುವವರು. ಅಂಥ ಜನರಿಗೆ ಹಾಕಿದ ತಂಬಿನಲ್ಲಿ ಇಂದು ಕನ್ನಡ, ನಾಳೆ ಮರಾಠಿ, ನಾಡಿದ್ದು ಹಿಂದಿ. ಸೆನ್ಸಾರ್ ಸರ್ಟಿಫಿಕೇಟು ಪರದೆ ಮೇಲೆ ಬಿದ್ದಾಗ ಎಲ್ಲರೂ ಓದುತ್ತಿದ್ದದ್ದು ಒಂದೇ ಸಾಲು, ರೀಲು ಎಷ್ಟು ಎಂಬುದು. ಹದಿನಾರು ಅಂದರೆ ಸೀಟಿ, ಹನ್ನೆರಡು ಅಂದರೆ ರೊಕ್ಕ ದಂಡ ಆಯಿತೆಂಬ ಗೊಣಗಾಟ. ಮಹಾರಾಷ್ಟ್ರದ ಈ ತಂಬು ಟಾಕೀಜುಗಳ ಮೇಲೆ ತೆಗೆದ ‘ದಿ ಸಿನಿಮಾ ಟ್ರಾವೆಲರ್ಸ್’ ಎಂಬ ಸಾಕ್ಷ್ಯಚಿತ್ರ 2016ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಹೋಯಿತು, ಬಹುಮಾನದ ಸಾಲಿನಲ್ಲಿ ವಿಶೇಷ ಮನ್ನಣೆಯನ್ನೂ ಪಡೆಯಿತು. ಅಲ್ಲಿ ಸೂಟು ಹಾಕಿದವರು ಎದ್ದು ನಿಂತು ಚಪ್ಪಾಳೆ ತಟ್ಟುವ ಹೊತ್ತಿಗೆ ಇಲ್ಲಿ ತಂಬಿನ ಬಟ್ಟೆ ಒಣದ್ರಾಕ್ಷಿಯ ಶೆಡ್ಡಿಗೆ ಹೊದಿಕೆಯಾಗಿ ಹೊಸ ಜನ್ಮ ಪಡೆದಿತ್ತು.

ಕಾಕಾನ ಸಂಗ್ರಹ ಬೆಳೆದದ್ದೇ ಡಿಜಿಟಲ್ ಬಂದ ಮೇಲೆ. ಸಿನಿಮಾ ಉಪಗ್ರಹದಿಂದಲೂ ಹಾರ್ಡ್ ಡಿಸ್ಕಿನಿಂದಲೂ ಬರತೊಡಗಿದಾಗ ಹಂಚಿಕೆದಾರರ ಗೋದಾಮಿನಲ್ಲಿದ್ದ ಪ್ರಿಂಟುಗಳು ಒಂದೇ ಏಟಿಗೆ ಅನಾಥವಾದವು. ಗೋದಾಮಿಗೆ ಬಾಡಿಗೆ ಕಟ್ಟುವುದಕ್ಕಿಂತ ಮೋಡಕಾದವನಿಗೆ ತೂಕಕ್ಕೆ ಹಾಕುವುದು ಲಾಭ. ಫಿಲ್ಮನ್ನು ತೂಕಕ್ಕೆ ಮಾರುವುದು ಹೊಸದೇನಲ್ಲ. ಕಪ್ಪು-ಬಿಳುಪು ಫಿಲ್ಮಿನ ಮೇಲಿನ ಚಿತ್ರ ಅಸಲಿಗೆ ಬೆಳ್ಳಿಯದು. ಅದನ್ನು ತೊಳೆದು ಬೆಳ್ಳಿ ತೆಗೆದು ಮಾರಿದವರು ನಮ್ಮ ದೇಶದಲ್ಲಿ ಬೇಕಾದಷ್ಟು ಮಂದಿ ಆಗಿಹೋದರು. ಎಷ್ಟೋ ಮಹಾಸತಿಯರು ಪರದೆಯ ಮೇಲೆ ಅಗ್ನಿಪರೀಕ್ಷೆ ಗೆದ್ದು ಕೊನೆಗೆ ಸೋತದ್ದು ಅಕ್ಕಸಾಲಿಗನ ಮೂಸೆಯಲ್ಲಿ. ಕಾಕಾ ಆ ಮೋಡಕಾ ಅಂಗಡಿಯ ಬಾಗಿಲಲ್ಲಿ ನಿಂತು, ತಕ್ಕಡಿಯಿಂದ ಇಳಿಸಿಕೊಂಡು, ತೂಕಕ್ಕೆ ನಾಲ್ಕು ರೂಪಾಯಿ ಹೆಚ್ಚು ಕೊಟ್ಟು ತಂದವನು. ತಂದದ್ದರಲ್ಲಿ ಪೂರ್ತಿ ಸಿನಿಮಾ ಅಪರೂಪ. ಒಂದರದು ಮೊದಲ ರೀಲಿಲ್ಲ, ನಾಯಕ ಹುಟ್ಟದೆಯೇ ಹೊಡೆದಾಟಕ್ಕೆ ಬರುತ್ತಾನೆ. ಇನ್ನೊಂದರದು ಕೊನೆಯ ರೀಲಿಲ್ಲ, ಖಳನಾಯಕ ಇವತ್ತಿಗೂ ಬದುಕಿದ್ದಾನೆ. ಮಹಾರಾಷ್ಟ್ರ ಸರಕಾರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ಗಡಿ ದಾವೆಗೇ ಇನ್ನೂ ಕೊನೆಯ ರೀಲು ಬಂದಿಲ್ಲ, ಕಾಕಾನದೇನು ದೊಡ್ಡ ಮಾತು.

ಮೊದಲು ಅಟ್ಟ ತುಂಬಿತು. ಆಮೇಲೆ ಪಡಸಾಲೆ. ಆಮೇಲೆ ಹಗೇವು. ಜೋಳ ಬೆಳೆಯುವುದು ಕಡಿಮೆಯಾಗಿ ದಾಳಿಂಬೆ ಬಂದದ್ದರಿಂದ ಆ ಹಗೇವು ಖಾಲಿ ಬಿದ್ದಿತ್ತು. ಭೂಮಿಯೊಳಗೆ ತಂಪಿರುತ್ತದೆ ಎಂದು ಕಾಕಾ ಐವತ್ತು ಡಬ್ಬಿ ಇಳಿಸಿದ. ಇಲಿಗಳು ಮಾತ್ರ ನಿರಾಶೆಗೊಂಡವು. ಕಾಕಾನ ಹೆಂಡತಿ ಕಾಕು ಮಾತು ಬಿಟ್ಟು ಬಹಳ ದಿನವಾಗಿತ್ತು, ಆ ದಿನ ಮಾತ್ರ ಬಾಯಿಬಿಟ್ಟಳು: “ಅಲ್ರೀ, ಕಾಳ ಇಡಾಕ ಜಾಗಾ ಇಲ್ಲ, ಮನ್ಯಾಗ ರಾಜಕುಮಾರ, ಲೀಲಾವತಿ, ಬಾಲಕೃಷ್ಣ ಎಲ್ಲಾರನೂ ತಂದ ಇಟ್ಟೀರಿ. ಇಷ್ಟ ಮಂದಿಗೆ ರೊಟ್ಟಿ ಬಡಿಯಾವ್ರ ಯಾರು?”

ರೀಲು ಇಡುವುದಕ್ಕೂ ಒಂದು ಶಾಸ್ತ್ರವಿದೆ. ಡಬ್ಬಿಯನ್ನು ನಿಲ್ಲಿಸಬಾರದು, ಮಲಗಿಸಬೇಕು. ಬಿಗಿಯಾಗಿ ಮುಚ್ಚಿಡಬಾರದು, ಗಾಳಿಯಾಡಬೇಕು. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ತಿರುಗಿ ಸುತ್ತಬೇಕು. ಅಸಿಟೇಟ್ ಫಿಲ್ಮು ಹಳತಾದಂತೆ ಹುಳಿ ವಾಸನೆ ಬಿಡುತ್ತದೆ. ವಿನೆಗರ್ ಸಿಂಡ್ರೋಮ್ ಅನ್ನುತ್ತಾರೆ. ಒಂದು ರೀಲಿಗೆ ಬಂದರೆ ಅದರ ಆವಿ ಪಕ್ಕದವಕ್ಕೂ ಅಂಟುತ್ತದೆ, ಆದ್ದರಿಂದ ರೋಗಿಯನ್ನು ಬೇರೆ ಕೋಣೆಯಲ್ಲಿ ಇಡಬೇಕು. ಸೊಸೆಗೆ ಬಾಣಂತನಕ್ಕೆಂದು ಇಟ್ಟ ಕೋಣೆ ಹೀಗೆ ಎಪ್ಪತ್ತರ ದಶಕದ ಒಂದು ಸಾಂಸಾರಿಕ ಚಿತ್ರಕ್ಕೆ ಹೋಯಿತು. ಸೊಸೆ ತವರಿಗೆ ಹೋದಳು, ಚಿತ್ರ ಇನ್ನೂ ಅಲ್ಲೇ ಕೆಮ್ಮುತ್ತಾ ಬಿದ್ದಿದೆ.

ತಜ್ಞರು ಹೇಳುವ ಪ್ರಕಾರ 21 ಡಿಗ್ರಿ ಉಷ್ಣತೆ, ಗಾಳಿಯಲ್ಲಿ ಶೇಕಡಾ 50 ತೇವ ಇದ್ದರೆ ಹೊಸ ಅಸಿಟೇಟ್ ಫಿಲ್ಮು ಸುಮಾರು 40 ವರ್ಷ ಹುಳಿಯದೆ ಇರುತ್ತದೆ. ಬಿಸಿ ಏರಿದಷ್ಟೂ ಆಯುಷ್ಯ ಇಳಿಯುತ್ತದೆ, ತೇವ ಇಳಿದಷ್ಟೂ ಏರುತ್ತದೆ. ಇದನ್ನು ಯಾರೋ ಓದಿ ಹೇಳಿದಾಗ ಕಾಕಾ ಎದೆಯುಬ್ಬಿಸಿ ಕೂತ. ತೇವ ಇಲ್ಲದ ಜಾಗ ಬೇಕೇ? ಬರ್ರಿ ಜತ್ತಕ್ಕೆ! ಮಳೆ ನೆರಳಿನ ಸೀಮೆ, ಟ್ಯಾಂಕರ್ ಬಂದಾಗ ಮಾತ್ರ ನೆಲ ಹಸಿಯಾಗುವ ಊರು. ಮಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಟ್ಟು ಯಂತ್ರದಿಂದ ಹೀರಿ ತೆಗೆಯಬೇಕಾದ ತೇವವನ್ನು ಇಲ್ಲಿ ಎರಡು ರಾಜ್ಯ ಸೇರಿ ಅರವತ್ತು ವರ್ಷ ಪುಕ್ಕಟೆ ದೂರ ಇಟ್ಟಿವೆ. ಚೈತ್ರ ವೈಶಾಖದ 40 ಡಿಗ್ರಿ ಬಿಸಿಲೊಂದು ಇರದಿದ್ದರೆ ಇದು ದೇಶದಲ್ಲೇ ನಂಬರ್ ಒನ್ ಆರ್ಕೈವ್. ಮ್ಹೈಸಾಳ ಏತ ನೀರಾವರಿಯ ಕಾಲುವೆ ಊರ ಹತ್ತಿರ ಬರುತ್ತದೆ ಎಂದಾಗ ಊರಿಗೆ ಊರೇ ಕುಣಿಯಿತು. ನೀರು ಬರುವುದಕ್ಕೆ ಹೆದರಿದ ರೈತ ಇಡೀ ತಾಲೂಕಿಗೆ ಕಾಕಾ ಒಬ್ಬನೇ.

ಬಿಸಿಲಿಗೇನು ಮಾಡಬೇಕು? ಫ್ರಿಜ್ಜಿನಲ್ಲಿ ಇಡಬೇಕಂತೆ. ಹೊರದೇಶದ ಸಂಗ್ರಾಹಕರು ಫಿಲ್ಮನ್ನು ಚೀಲದಲ್ಲಿ ಬಿಗಿದು ಮನೆಯ ಫ್ರೀಜರಿನಲ್ಲಿ ಇಡುತ್ತಾರೆ. ಕಾಕಾ ಇದನ್ನು ನಂಬಿ ಒಂದು ಹಳೆಯ ಫ್ರಿಜ್ಜು ತಂದ. ಲೋಡ್ ಶೆಡ್ಡಿಂಗಿನಲ್ಲಿ ಕರೆಂಟು ಹೋಗಿ ಬಂದು, ಡಬ್ಬಿಯೊಳಗೆ ಬೆವರಿಳಿದು, ನಾಯಕಿಯ ಮುಖದ ಮೇಲೆ ಬೂಷ್ಟು ಬಂತು. ಫ್ರಿಜ್ಜಿನ ಕಾರ್ಡಿನಲ್ಲಿ ಮೊಸರು, ಹಸಿಮೆಣಸಿನಕಾಯಿ ಇಡುವ ಚಿತ್ರವಿತ್ತೇ ಹೊರತು ‘ಹಂಸಗೀತೆ’ ಸಿನಿಮಾಕ್ಕೆ ಯಾವ ಕಪಾಟು ಎಂದು ಬರೆದಿರಲಿಲ್ಲ.

ಬಣ್ಣದ ಪ್ರಿಂಟುಗಳದು ಇನ್ನೊಂದು ಕಥೆ. ಈಸ್ಟ್‌ಮನ್ ಕಲರಿನ ನೀಲಿ ಛಾಯೆ ಮೊದಲು ಕೈಕೊಡುತ್ತದೆ, ಉಳಿಯುವುದು ಕೆಂಪು. ಕಾಕಾನ ಹತ್ತಿರ ಇರುವ ಎಂಬತ್ತರ ದಶಕದ ಪ್ರೇಮಕಥೆಗಳಲ್ಲಿ ಆಕಾಶ ಕೆಂಪು, ಹುಲ್ಲು ಕೆಂಪು, ಪೊಲೀಸರ ಸಮವಸ್ತ್ರವೂ ಕೆಂಪು. ಸೆನ್ಸಾರ್ ಮಂಡಳಿ ಇಂದು ನೋಡಿದರೆ ಎಲ್ಲವನ್ನೂ ಎಡಪಂಥೀಯ ಚಿತ್ರಗಳೆಂದು ತಡೆಹಿಡಿದೀತು.

ಇದನ್ನು ಕೇಳಿ ನಗುವ ಸರಕಾರಿ ಮಂದಿ ಸ್ವಲ್ಪ ತಾಳಬೇಕು. ಹಳೆಯ ನೈಟ್ರೇಟ್ ಫಿಲ್ಮು ಕೊಳೆಯತೊಡಗಿದರೆ ಬೇಸಿಗೆಯ ಬಿಸಿಗೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಹೊತ್ತಿದ ಮೇಲೆ ನೀರಿನಲ್ಲಿ ಮುಳುಗಿಸಿದರೂ ಆರದು. ಜತ್ತದವರಿಗೆ ಇದೊಂದು ಸಮಾಧಾನ, ನೀರಿಲ್ಲದ್ದಕ್ಕೇ ಸುಟ್ಟುಹೋಯಿತು ಅಂತ ಯಾರೂ ಅನ್ನುವ ಹಾಗಿಲ್ಲ. ಬ್ರಿಟಿಷರು ಹೋದ ಮರುವರ್ಷವೇ, 1948ರಲ್ಲಿ, ನಮ್ಮ ಸರಕಾರ ಫಿಲ್ಮು ಇಡುವುದಕ್ಕೆ ನಿಯಮ ಮಾಡಿತು. ಯಾವ ಕಾಯ್ದೆಯಡಿ? ಪೆಟ್ರೋಲಿಯಂ ಕಾಯ್ದೆಯಡಿ. ಸೀಮೆಎಣ್ಣೆಯ ದೃಷ್ಟಿಯಿಂದ ಸಿನಿಮಾ ನೋಡಿದ ಮೊದಲ ವಿಮರ್ಶಕರು ಅವರೇ. ನಿಯಮ, ಕಚೇರಿ, ಕಾವಲು ಎಲ್ಲವೂ ಇದ್ದ ಪುಣೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲೇ, 2003ರ ಜನವರಿಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಕೋಣೆಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಚಿತ್ರಗಳ 5,000ಕ್ಕೂ ಹೆಚ್ಚು ರೀಲು ಬೂದಿಯಾದವು. ಕಾಕಾನ ಫಿಲ್ಮಿನ ಅಂಚಿನಲ್ಲಿ ‘ಸೇಫ್ಟಿ’ ಎಂದು ಅಚ್ಚಾಗಿದೆ, ಹೊತ್ತಿಕೊಳ್ಳುವ ಜಾತಿಯಲ್ಲ. ಅವನ ಮನೆಯಲ್ಲಿ ಈವರೆಗೆ ಹೊತ್ತಿ ಉರಿದದ್ದು ಕಾಕು ಒಬ್ಬಳೇ.

ಆ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಅಷ್ಟರೊಳಗೆ ಮೂಕಿ ಕಾಲದ 1,300ಕ್ಕೂ ಮಿಕ್ಕ ಚಿತ್ರಗಳಲ್ಲಿ ಬಹುಪಾಲು ಮಾಯವಾಗಿದ್ದವು, ಇಂದು ಚೂರುಪಾರು ಸೇರಿಸಿ ಎಣಿಸಿದರೂ ಮೂವತ್ತರ ಆಸುಪಾಸು. ಅಲ್ಲಿ ಪಿ.ಕೆ. ನಾಯರ್ ಎಂಬ ಒಬ್ಬ ಮನುಷ್ಯ ಊರೂರು ಅಲೆದು, ಗೋದಾಮು, ದನದ ಕೊಟ್ಟಿಗೆ ಎನ್ನದೆ ಕೆದರಿ ಸಾವಿರಾರು ಚಿತ್ರ ತಂದು ತುಂಬಿದ. ಅವನೂ ಕಾಕಾನ ಪಂಗಡದವನೇ, ಸಂಬಳ ಇತ್ತು ಅಷ್ಟೇ ವ್ಯತ್ಯಾಸ. ಹಾಗೆ ಯಾರೋ ಎತ್ತಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಇದೆ. 1977ರ ಚಿತ್ರ, 2024ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್ಸಿನ ಪರದೆಯ ಮೇಲೆ ಹೊಚ್ಚ ಹೊಸದಾಗಿ ಎದ್ದು ಕೂತಿತು.

ಎತ್ತಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಸತಿ ಸುಲೋಚನಾ’. ಕನ್ನಡದ ಮೊದಲ ಟಾಕಿ, 1934ರ ಮಾರ್ಚಿನಲ್ಲಿ ತೆರೆಕಂಡದ್ದು. ಅದು ತಯಾರಾದದ್ದು ಎಲ್ಲಿ? ಜತ್ತದಿಂದ ಒಂದೇ ಜಿಲ್ಲೆ ಆಚೆಗಿನ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ, ಇವರೆಲ್ಲ ಮರಾಠಿ ನೆಲದ ಮೇಲೆ ನಿಂತು ಕನ್ನಡ ಮಾತಾಡಿದರು, ಯಾರೂ ಬಸ್ಸಿಗೆ ಕಲ್ಲು ಹೊಡೆಯಲಿಲ್ಲ. ಅದರ ಒಂದು ಅಡಿ ಫಿಲ್ಮೂ ಇಂದು ಉಳಿದಿಲ್ಲ. ಉಳಿದಿದ್ದರೆ ಕೊಲ್ಲಾಪುರದಲ್ಲಿ ಹುಟ್ಟಿದ್ದಕ್ಕೆ ನಮ್ಮದು ಎಂದು ಅವರು, ಕನ್ನಡ ಮಾತಾಡಿದ್ದಕ್ಕೆ ನಮ್ಮದು ಎಂದು ಇವರು, ಸುಲೋಚನೆಯನ್ನೂ ಸುಪ್ರೀಂ ಕೋರ್ಟಿನ ಕಟಕಟೆ ಹತ್ತಿಸುತ್ತಿದ್ದರು. ಪುಣ್ಯವಂತೆ, ಮೊದಲೇ ಕಳೆದುಹೋದಳು.

2022ರ ನವೆಂಬರಿನಲ್ಲಿ ಜತ್ತ ಮತ್ತೆ ಪೇಪರಿನ ಮುಖಪುಟಕ್ಕೆ ಬಂತು. ಅಲ್ಲಿಯ ಪಂಚಾಯಿತಿಗಳು ನೀರಿಗಾಗಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು ಎಂದು ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿ ನೆನಪಿಸಿದರು. ಅದು ಹಳೆಯ ಠರಾವು ಎಂದು ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ಫಡಣವೀಸರು ಅಂದರು. ಚಳಿಗಾಲ ಮುಗಿಯುವುದರೊಳಗೆ ಜತ್ತಕ್ಕೆ ಎರಡೂ ದಿಕ್ಕಿನಿಂದ ನೀರಿನ ಮಾತು ಧಾರಾಳವಾಗಿ ಹರಿಯಿತು. ಆ ಗದ್ದಲದಲ್ಲಿ ಕಾಕಾನಿಗೆ ಒಂದು ಆಸೆ ಹುಟ್ಟಿತು. ಊರು ಯಾರಿಗೆ ಹೋದರೂ ಸರಿ, ಊರಿನ ಜೊತೆ ಡಬ್ಬಿಗಳನ್ನೂ ಒಯ್ಯಬೇಕೆಂದು ಒಂದು ಅರ್ಜಿ ಬರೆಸಿದ. ಕನ್ನಡದ್ದು ಕರ್ನಾಟಕಕ್ಕೆ, ಕೋಂಡಕೆ ಮಹಾರಾಷ್ಟ್ರಕ್ಕೆ, ಹಿಂದಿಯದು ಕೇಂದ್ರಾಡಳಿತಕ್ಕೆ, ಎರಡೂ ಭಾಷೆಗೆ ಡಬ್ ಆದವು ಗಡಿಯ ಕಲ್ಲಿನ ಮೇಲೆ. ಮಗ ಅದನ್ನು ಓದಿ, “ಅಪ್ಪಾ, ಎಲ್ಲಾ ಒಂದ ಪೆನ್‌ಡ್ರೈವ್‌ದಾಗ ಹಿಡೀತೈತಿ” ಅಂದ. ಹೇಳುವಾಗ ಅವನ ಮೊಬೈಲು ಜಾಗ ತುಂಬಿದೆ, ಏನಾದರೂ ಅಳಿಸು ಎಂದು ಗೋಗರೆಯುತ್ತಿತ್ತು. ಮದುವೆಯ ವಿಡಿಯೋ ಇದ್ದ ಹಾರ್ಡ್ ಡಿಸ್ಕು ಮೂರೇ ವರ್ಷಕ್ಕೆ ಕಟ್ ಕಟ್ ಎಂದು ಸದ್ದು ಮಾಡಿ ಸತ್ತದ್ದೂ ಇದೇ ಮಗನದು. ಕಾಕಾ ಏನೂ ಅನ್ನಲಿಲ್ಲ. ಒಂದು ತುಂಡು ಫಿಲ್ಮು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಕರೆಂಟಿರಲಿಲ್ಲ, ಆದರೂ ಕಲ್ಪನಾ ಕಂಡಳು.

ಅರ್ಜಿಯ ಒಂದು ಪ್ರತಿ ಮುಂಬಯಿಗೆ, ಒಂದು ಬೆಂಗಳೂರಿಗೆ. ಎರಡೂ ಕಡೆಯಿಂದ ಉತ್ತರ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಆದರೆ ಒಯ್ಯಲು ಯಾರಾದರೂ ಬಂದೇಬಿಟ್ಟರೆ ಎಂದು ಕಾಕು ತನ್ನ ಷರತ್ತನ್ನು ಈಗಲೇ ಊರಿಗೆಲ್ಲ ಹೇಳಿಟ್ಟಿದ್ದಾಳೆ: “ರೀಲ ಬೇಕಾರ ಒಯ್ರಿ, ಯಾರರೆ ಒಯ್ರಿ. ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ. ಖಡಕ ರೊಟ್ಟಿ ಅಳತೀ ಹಿಡದ ಮಾಡಿಸಿದಂಗ ಅದಾವ.”