ಆರು ಕಳೆದರೂ ಒಂದೇ, ಕೂಡಿದರೂ ಒಂದೇ

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲಿದೆ. ಇಲ್ಲಿ ಕೆಲವು ವರ್ಷ ಬಾಳಿದ ಗಂಡಸಿಗೆ ತಾನೂ ಅಷ್ಟೇ ಎತ್ತರದವನು ಅನ್ನಿಸತೊಡಗುತ್ತದೆ. ನಗರಕೇಂದ್ರದ ಕೆನ್ಯಾಟ್ಟಾ ಅವೆನ್ಯೂವಿನಲ್ಲಿ ಆಫೀಸು, ಕೊರಳಲ್ಲಿ ಐಡಿ ಕಾರ್ಡು, ಮಟಾಟು ಎಂಬ ಮಿನಿಬಸ್ಸಿನ ಕಂಡಕ್ಟರನ ಜೊತೆ ಜಗಳವಾಡುವಷ್ಟು ಸ್ವಾಹಿಲಿ. ಇಷ್ಟೇ ಬಂಡವಾಳದಲ್ಲಿ ನಾನು ಮನೆಮಟ್ಟಿಗೆ ಆಫ್ರಿಕಾ ತಜ್ಞನಾಗಿದ್ದೆ. ಕೇಳುವವರೇ ಇರಲಿಲ್ಲ. ಅಷ್ಟರಲ್ಲಿ ಮಂಗಳೂರಿನಿಂದ ಮಾವನವರು ಬಂದಿಳಿದರು.

ಅವರು ಬಂದವರೇ ಬಾಲ್ಕನಿಯಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿ, "ಇಲ್ಲಿ ಸಮುದ್ರ ಎಲ್ಲುಂಟು?" ಎಂದು ಕೇಳಿದರು. ನಾನು ಚಿತ್ರದುರ್ಗದವನು. ನೀರು ಕಂಡರೆ ನಾವು ಬಿಂದಿಗೆ ಹುಡುಕುತ್ತೇವೆಯೇ ಹೊರತು ದೋಣಿಯನ್ನಲ್ಲ. ಆದರೂ ಮಾನದ ಪ್ರಶ್ನೆ. "ಒಂದೇ ದಿನದಲ್ಲಿ ತೋರಿಸಿಕೊಂಡು ಬರ್ತೀನಿ ಮಾವ" ಅಂದುಬಿಟ್ಟೆ. ಸಮುದ್ರ ಇದ್ದದ್ದು ಸುಮಾರು 470 ಕಿಲೋಮೀಟರ್ ದೂರದ ಮೊಂಬಾಸಾದಲ್ಲಿ. 2017ರಲ್ಲಿ ಓಡಲು ಶುರುವಾದ ಮದರಾಕಾ ಎಕ್ಸ್‌ಪ್ರೆಸ್ ಬೆಳಗ್ಗೆ 8ಕ್ಕೆ ಹೊರಟು ಮಧ್ಯಾಹ್ನ 2ರ ಸುಮಾರಿಗೆ ಅಲ್ಲಿರುತ್ತದೆ. ರಾತ್ರಿ 10ಕ್ಕೆ ವಾಪಸು ಹೊರಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಸುಂದರವಾದ ಯೋಜನೆ ಇಲ್ಲ.

ಹೊರಡುವ ನಸುಕಿನಲ್ಲಿ ಮಾವ, "ಒದ್ದೆ ಬಟ್ಟೆಗೆ ಒಂದು ತೊಟ್ಟೆ ಇಟ್ಟುಕೊಂಡಿದ್ದೇನೆ" ಎಂದು ಅಂಗಿಯ ಜೇಬಿನಿಂದ ಮಡಚಿದ ಪ್ಲಾಸ್ಟಿಕ್ ಕವರ್ ತೆಗೆದರು. ನನ್ನ ಎದೆ ಧಸಕ್ಕೆಂದಿತು. ಕೀನ್ಯಾದಲ್ಲಿ 2017ರ ಆಗಸ್ಟ್‌ನಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. ದಂಡ 40 ಲಕ್ಷ ಶಿಲ್ಲಿಂಗ್‌ವರೆಗೆ, ಇಲ್ಲವೇ 4 ವರ್ಷದವರೆಗೆ ಸೆರೆಮನೆ. "ಒಂದು ತೊಟ್ಟೆಗೆ ನಾಲ್ಕು ವರ್ಷವಾ!" ಎಂದು ಮಾವ ಕುರ್ಚಿಯಲ್ಲಿ ಕುಸಿದರು. ಎಸೆಯಲು ಧೈರ್ಯ ಸಾಲದೆ ನಾನು ಅದನ್ನು ಬೀರುವಿನಲ್ಲಿ ಪಾಸ್‌ಪೋರ್ಟುಗಳ ಕೆಳಗಿಟ್ಟು ಬೀಗ ಹಾಕಿದೆ. ಈಗಲೂ ಅಲ್ಲೇ ಇದೆ.

ಮೊಯ್ ಅವೆನ್ಯೂ ತುದಿಯ ಹಳೇ ನಿಲ್ದಾಣದಿಂದ ಲೋಕಲ್ ಟ್ರೇನು ಹತ್ತಿ, ಎಕ್ಸ್‌ಪ್ರೆಸ್ ಹೊರಡುವ ಸ್ಯೋಕಿಮಾವುಗೆ ಹೋದೆವು. ಅಲ್ಲಿ ಎಲ್ಲರ ಬ್ಯಾಗುಗಳನ್ನೂ ಸಾಲಾಗಿ ನೆಲದ ಮೇಲಿಡಿಸಿ ನಾಯಿಯ ಕೈಯಲ್ಲಿ ಮೂಸಿಸುತ್ತಾರೆ. "ಇದು ಮಾಮೂಲು, ಗಾಬರಿ ಬೇಡ" ಎಂದು ನಾನು ಮಾವನವರಿಗೆ ವಿವರಿಸುತ್ತಿದ್ದಂತೆಯೇ ನಾಯಿ ಊರವರ ಸೂಟ್‌ಕೇಸುಗಳನ್ನೆಲ್ಲ ದಾಟಿ ಬಂದು ನಮ್ಮ ಬ್ಯಾಗಿನ ಮುಂದೆ ಪದ್ಮಾಸನ ಹಾಕಿತು. ಒಳಗಿದ್ದದ್ದು ಇಂಗಿನ ಒಗ್ಗರಣೆಯ ಪುಳಿಯೋಗರೆ. ನಾನು ವ್ಯಾಕರಣಬದ್ಧ ಸ್ವಾಹಿಲಿಯಲ್ಲಿ ಪುಳಿಯೋಗರೆಯ ಇತಿಹಾಸ ಶುರುಮಾಡಿದೆ. ಸಿಬ್ಬಂದಿಯ ಮುಖ ಬಿಗಿಯಾಗುತ್ತಾ ಹೋಯಿತು. ನನ್ನ ಹೆಂಡತಿ ಡಬ್ಬಿ ತೆರೆದು "ವಾಲಿ" ಅಂದಳು. ಅನ್ನ! ಅವರು ನಕ್ಕು ಬಿಟ್ಟುಬಿಟ್ಟರು. ನಾಯಿ ಮಾತ್ರ ಏಳಲು ಒಪ್ಪಲಿಲ್ಲ.

ರೈಲು ತ್ಸಾವೊ ವನ್ಯಧಾಮ ಹೊಕ್ಕಿದ್ದೇ ನಾನು ಎದ್ದು ನಿಂತೆ. ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲು ಹೊರಟದ್ದು, ಅದಕ್ಕಾಗಿ ಹಿಂದೂಸ್ತಾನದಿಂದ ಮೂವತ್ತು ಸಾವಿರಕ್ಕೂ ಮೀರಿ ಕೂಲಿಯಾಳುಗಳನ್ನು ತಂದದ್ದು, 1898ರಲ್ಲಿ ಇದೇ ಜಾಗದಲ್ಲಿ ಕೇಸರವಿಲ್ಲದ ಎರಡು ಗಂಡುಸಿಂಹಗಳು ಡೇರೆಗಳಿಂದ ಆಳುಗಳನ್ನು ಎಳೆದೊಯ್ದು ತಿಂದದ್ದು ಎಲ್ಲವನ್ನೂ ಅಭಿನಯಸಹಿತ ಹೇಳಿದೆ.

"ಆ ಸಿಂಹಗಳು ಈಗ?" ಎಂದರು ಮಾವ, ಕಿಟಕಿಗೆ ಮೂಗು ಒತ್ತಿ.

"ಷಿಕಾಗೊ ಮ್ಯೂಸಿಯಮ್ಮಿನಲ್ಲಿ."

"ಮತ್ತೆ ನಾವು ಇಲ್ಲಿ ಎಂತ ನೋಡುವುದು?"

ಉತ್ತರ ಹುಡುಕುವಷ್ಟರಲ್ಲಿ ಬೋಗಿಯವರೆಲ್ಲ ಹೋ ಎಂದರು. ಕೆಮ್ಮಣ್ಣು ಮೆತ್ತಿಕೊಂಡ ಆನೆಗಳ ಹಿಂಡು ಎಡಗಡೆ ಸಾಗಿಹೋಗಿತ್ತು. ಆನೆ ಬಲಗಡೆಯೇ ಕಾಣುವುದೆಂದು ಹಟಹಿಡಿದು ಎಲ್ಲರನ್ನೂ ಬಲಕ್ಕೆ ಕೂರಿಸಿದ್ದವನು ನಾನು. ಮಗ ನನ್ನ ಮಾತು ಕೇಳದೆ ಎಡಗಡೆಯ ಅಪರಿಚಿತರ ಮಡಿಲಲ್ಲಿ ಕೂತಿದ್ದ, ಅವನೊಬ್ಬನೇ ನೋಡಿದ.

ಸೋತ ತಜ್ಞ ವಿಷಯ ಬದಲಿಸುತ್ತಾನೆ. ನಾನು ಸ್ವಾಹಿಲಿ ಗಡಿಯಾರಕ್ಕೆ ಬಂದೆ. ಇಲ್ಲಿಯವರು ದಿನವನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಇವರಿಗೆ ಒಂದು ಗಂಟೆ, ನಮ್ಮ ರಾತ್ರಿ ಎಂಟು ಇವರಿಗೆ ಎರಡು. "ಆರು ಕಳೆದರೂ ಒಂದೇ, ಕೂಡಿದರೂ ಒಂದೇ ಮಾವ. ದಡ್ಡನೂ ತಪ್ಪು ಮಾಡಲಾರ."

ಮೊಂಬಾಸಾ ನಿಲ್ದಾಣ ಇರುವುದು ಊರಾಚೆ ಮಿರಿಟಿನಿಯಲ್ಲಿ. ನೈರೋಬಿಯ ಜುಲೈ ಚಳಿಗೆಂದು ಹಾಕಿದ ಸ್ವೆಟರಿನೊಳಗೆ ನಾನು ಇಡ್ಲಿಯಂತೆ ಬೇಯುತ್ತಿದ್ದೆ. ಮಾವ ಮಾತ್ರ ತೆಂಗಿನಮರ ಕಂಡದ್ದೇ ತಡ, ಅಂಗಿಯ ಗುಂಡಿ ಬಿಚ್ಚಿ, "ಆಹಾ, ಎಂತ ಸೆಕೆ ಮಾರಾಯ್ರೆ!" ಎಂದು ಆನಂದಬಾಷ್ಪ ಸುರಿಸಿದರು. ಬಜಾಜ್ ಟುಕ್‌ಟುಕ್ ನೋಡಿ ಇನ್ನಷ್ಟು ಕರಗಿದರು. ಅದರೊಳಗೆ ನಾವು ನಾಲ್ವರೂ ತುರುಕಿಕೊಂಡು ಫೋರ್ಟ್ ಜೀಸಸ್ ಮುಂದೆ ಇಳಿದೆವು. ಕತ್ತಲಾದ ಮೇಲೆ ನಿಲ್ದಾಣಕ್ಕೆ ಮರಳಿ ಬಿಡಲು ಅದೇ ಚಾಲಕನಿಗೆ ಹೇಳಿದೆ. ಅವನು ನನ್ನ ನಂಬರ್ ಬರೆದುಕೊಂಡ. ಅವನ ನಂಬರ್ ಪಡೆಯುವುದು ತಜ್ಞರ ಕೆಲಸವಲ್ಲ.

ಕೋಟೆಯನ್ನು ಪೋರ್ಚುಗೀಸರು 1593ರಲ್ಲಿ ಕಟ್ಟಲು ತೊಡಗಿದರು. ಒಮಾನಿನವರು ಸುಮಾರು ಮೂರು ವರ್ಷ ಮುತ್ತಿಗೆ ಹಾಕಿ 1698ರಲ್ಲಿ ಕಿತ್ತುಕೊಂಡರು. ನಾನು ಬಾಯಿ ತೆರೆಯುವ ಮುನ್ನವೇ ಮಾವ, "ಈ ಪರಂಗಿಗಳಿಗೆ ನಮ್ಮ ಉಳ್ಳಾಲದ ಅಬ್ಬಕ್ಕ ನೀರಿಳಿಸಿದ್ದು ಗೊತ್ತುಂಟಲ್ಲ?" ಅಂದರು. ಚಿತ್ರದುರ್ಗದವನು ಸುಮ್ಮನಿರಲಾದೀತೆ? ನಾನು ಓಬವ್ವನನ್ನು ಕರೆತಂದೆ. ಅಬ್ಬಕ್ಕ, ಓಬವ್ವ, ಏಳು ಸುತ್ತು, ಒನಕೆ ಎಂದು ನಾವಿಬ್ಬರೂ ಫಿರಂಗಿಗಳ ಪಕ್ಕ ನಿಂತು ಕಾದಾಡುತ್ತಿರಲು, ತಾಯಿ ಮಗ ಹೊರಗೆ ಖಾರ ನಿಂಬೆ ಸವರಿದ ಮರಗೆಣಸಿನ ಚಿಪ್ಸ್ ತಿಂದು, ಬೊಂಡ ಕುಡಿದು, ಸಮುದ್ರವನ್ನು ಕಣ್ತುಂಬ ನೋಡಿ ಬಂದಿದ್ದರು. ನಾವು ಹೊರಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಓಲ್ಡ್ ಟೌನಿನ ಗಲ್ಲಿಗಳಲ್ಲಿ ಮಾವ ತಲೆ ಎತ್ತಿಕೊಂಡೇ ನಡೆದರು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಂಚು ಪೂರ್ವ ಆಫ್ರಿಕಕ್ಕೂ ಹಡಗೇರಿ ಬರುತ್ತಿತ್ತಂತೆ. ಕಂಡ ಕೆಂಪು ಮಾಡೆಲ್ಲ ಅವರಿಗೆ ಜೆಪ್ಪುವಿನದೇ. "ಹೆಂಚು ನೋಡಲು ಇಷ್ಟು ದೂರ ಬರಬೇಕಿತ್ತಾ ಅಪ್ಪ?" ಎಂದಳು ಮಾವನ ಮಗಳು.

ಎಂಟು ಗಂಟೆ. ಕೋಟೆಯ ಮುಂದೆ ಟುಕ್‌ಟುಕ್ ಇಲ್ಲ. ಎಂಟೂಕಾಲು. ನನ್ನ ಪಿತ್ತ ನೆತ್ತಿಗೇರಿತು. "ಈ ಕರಾವಳಿಯ ಜನವೇ ಹೀಗೆ, ಕಾಲದ ಪರಿವೆಯೇ ಇಲ್ಲ!" ಎಂದು ಗುಡುಗಿದೆ. ಉಳ್ಳಾಲದ ಕಡೆಯ ಇಬ್ಬರು ನನ್ನನ್ನೇ ನೋಡಿದರು.

"ರೀ, ಅವನಿಗೆ ಎಷ್ಟು ಗಂಟೆಗೆ ಬಾ ಅಂದ್ರಿ?"

"ಲೆಕ್ಕ ಹಾಕಿಯೇ ಹೇಳಿದ್ದೀನಿ. ಎಂಟರಲ್ಲಿ ಆರು ಕಳೆದೆ. ಎರಡಕ್ಕೆ ಬಾ ಅಂದೆ."

"ಯಾವ ಭಾಷೆಯಲ್ಲಿ?"

ನಾನು ಇಂಗ್ಲಿಷಿನಲ್ಲಿ ಹೇಳಿದ್ದೆ.

ಬೇರೊಂದು ಟುಕ್‌ಟುಕ್ ಹಿಡಿದು, ಕಂಟೇನರ್ ಲಾರಿಗಳ ನಡುವೆ ನುಸುಳಿ, ಹೇಗೋ ರೈಲು ಹತ್ತಿದೆವು. ಎಲ್ಲರೂ ಮಲಗಿದರು. ನಾನು ಮಲಗಿದಂತೆ ನಟಿಸಿದೆ. ನಡುರಾತ್ರಿ ಸರಿಯಾಗಿ ಎರಡು ಗಂಟೆಗೆ ಫೋನು ರಿಂಗಾಯಿತು.

"ಬಾಸ್, ಕೋಟೆ ಬಾಗಿಲಲ್ಲಿದ್ದೇನೆ. ನೀವೆಲ್ಲಿದ್ದೀರಿ?"

ಪಿಸುದನಿಯಲ್ಲಿ ಕ್ಷಮೆ ಕೇಳಿ ಪೂರ್ತಿ ಬಾಡಿಗೆಯನ್ನು ಮೊಬೈಲಿನಲ್ಲೇ ಎಂಪೆಸಾ ಮಾಡಿದೆ. ಎದುರು ಸೀಟಿನಲ್ಲಿ ಮಾವ ಒಂದೇ ಕಣ್ಣು ತೆರೆದರು.

"ಯಾರು ಅಳಿಯಂದಿರೇ?"

"ಟುಕ್‌ಟುಕ್‌ನವನು."

"ನೋಡಿ, ಕರಾವಳಿಯವರು ಹಾಗೆಯೇ. ಹೇಳಿದ ಹೊತ್ತಿಗೆ ಬಂದೇ ಬರುತ್ತಾರೆ" ಎಂದು ಅವರು ಮಗ್ಗುಲು ಬದಲಿಸಿದರು.